ಗಿಲಾವು ಇಲ್ಲದ ಹಾಡು

ಹೆಂಡದಂಗಡಿಯಲ್ಲಿ ಬೆಳೆದ ಸಂಗೀತಕ್ಕೆ ಕಿವಿಗೊಡಬೇಕೇ ಎಂದು ಸ್ನೇಹಿತರೊಬ್ಬರು ಕೇಳಿದರು. ನಾನು ಕುಡಿಯುವವನಲ್ಲ, ಕುಡಿತದ ಪರವಾಗಿ ಒಂದಕ್ಷರವನ್ನೂ ಬರೆಯಲಾರೆ. ಆದರೂ ಕೇಳಬೇಕು ಎನ್ನುತ್ತೇನೆ.

ಇಂಗ್ಲೆಂಡಿನ ಥೇಮ್ಸ್ ನದೀಮುಖದಲ್ಲಿ ಕ್ಯಾನ್ವೆ ಎಂಬ ದ್ವೀಪವಿದೆ. ನೆಲ ಉಬ್ಬರದ ಮಟ್ಟಕ್ಕಿಂತ ಕೆಳಗೆ. 17ನೇ ಶತಮಾನದಲ್ಲಿ ಡಚ್ಚರು ಒಡ್ಡು ಕಟ್ಟಿ ಉಳಿಸಿಕೊಟ್ಟದ್ದು. 1953ರ ಜನವರಿ 31ರ ರಾತ್ರಿ ಕಡಲು ಒಡ್ಡು ಮುರಿದು ನುಗ್ಗಿ 50ಕ್ಕೂ ಹೆಚ್ಚು ಜನ ಸತ್ತರು. ಮಳೆಗಾಲದ ರಾತ್ರಿಗಳನ್ನು ಕೆರೆ ಏರಿಯ ಮೇಲೆ ಕಳೆದ ನನ್ನಂಥವನಿಗೆ ಇದನ್ನು ಓದಿ ಸುಮ್ಮನೆ ಮುಂದೆ ಹೋಗಲಾಗುವುದಿಲ್ಲ.

ಎಣ್ಣೆ ಟ್ಯಾಂಕುಗಳ ಆ ಊರಿನವರೇ ‘ಡಾ. ಫೀಲ್‌ಗುಡ್’ ತಂಡದವರು. ಗಿಟಾರಿನ ವಿಲ್ಕೊ ಜಾನ್ಸನ್ ಮೊದಲು ಶಾಲೆಯ ಮೇಷ್ಟ್ರಾಗಿದ್ದವರು. ದೊಡ್ಡ ತಂಡಗಳು ಕ್ರೀಡಾಂಗಣ ಸೇರಿದ್ದ ಕಾಲದಲ್ಲಿ ಇವರು ಲಂಡನ್ನಿನ ಪಬ್ಬುಗಳ ಇಕ್ಕಟ್ಟಿನಲ್ಲಿ, ರಾತ್ರಿ ಬಾಗಿಲು ಹಾಕುವ ಗಂಟೆಯವರೆಗೆ ನುಡಿಸಿ ಹೆಸರಾದರು.

ಮೊದಲ ಆಲ್ಬಂ ‘ಡೌನ್ ಬೈ ದ ಜೆಟ್ಟಿ’ ಬಂದದ್ದು 1975ರಲ್ಲಿ. ಎಲ್ಲೆಲ್ಲೂ ಸ್ಟೀರಿಯೊ ಇದ್ದಾಗ ಇವರು ಮಾನೊ ಹಿಡಿದರು. ಸ್ಟುಡಿಯೊದಲ್ಲೂ ಬಹುಪಾಲು ಒಟ್ಟಿಗೆ ನಿಂತು ನುಡಿಸಿದರು. ಗಿಲಾವು ಮಾಡದ ಗೋಡೆ ಅದು. ಕಲ್ಲು ವಾರೆಯಾಗಿ ಕೂತರೆ ಮುಚ್ಚಿಡಲು ಬರುವುದಿಲ್ಲ.

ನಾವಾದರೋ ಟ್ರ್ಯಾಕ್ ಹಾಕಿ ತುಟಿಯಾಡಿಸುವವರಿಗೆ ವೇದಿಕೆಯ ಮೇಲೆ ಶಾಲು ಹೊದಿಸುತ್ತೇವೆ. ಬಾರಿನಲ್ಲಿ ನಡುರಾತ್ರಿಯವರೆಗೆ ಕೀಬೋರ್ಡ್ ನುಡಿಸಿ ಮಕ್ಕಳ ಫೀಸು ಕಟ್ಟುವವನನ್ನು ಕಂಡರೆ ಮುಖ ತಿರುಗಿಸುತ್ತೇವೆ. ಕುಡಿತ ಬಿಡಿಸೋಣ, ಬೇಡವೆನ್ನುವುದಿಲ್ಲ. ಆದರೆ ಕುಡಿದವನು ಎದುರಿಗೆ ಕೂತವನು, ನುಡಿಸಿದವನದು ಕಾಯಕವಲ್ಲವೇ?