ಅಳತೆ ಸರಿ, ಕಾರಣ ತಪ್ಪು: ಸೊನ್ನೆ ಕೊಡಬೇಕಾ?

ಕಾರಣ ತಪ್ಪಾದರೆ ಸೊನ್ನೆ ಬೀಳುತ್ತದೆ ಎಂಬ ಹೆದರಿಕೆಗೆ ನಿಮ್ಮಲ್ಲಿ ಎಷ್ಟೋ ಜನ ಉತ್ತರದ ಜಾಗ ಖಾಲಿ ಬಿಟ್ಟು ಬರುತ್ತೀರಿ. ಪ್ರಯೋಗದ ಅಳತೆಯನ್ನು ಪುಸ್ತಕದ ಸಂಖ್ಯೆಗೆ ಸರಿಯಾಗಿ ತಿದ್ದುವವರೂ ಇದ್ದೀರಿ, ನನಗೆ ಗೊತ್ತು! ನಿಮಗೆ ಸ್ವೀಡನ್ನಿನ ಒಂದು ಬಂಡೆಯ ಕಥೆ ಹೇಳಬೇಕು.

ಆಂಡರ್ಸ್ ಸೆಲ್ಸಿಯಸ್ ಗೊತ್ತಲ್ಲ, ಥರ್ಮಾಮೀಟರಿನಲ್ಲಿ ನಾವು ಓದುವ ಡಿಗ್ರಿ ಅವರ ಹೆಸರಿನದೇ. 1731ರಲ್ಲಿ ಅವರು ಬೋತ್ನಿಯಾ ಕೊಲ್ಲಿಯ ಲೋವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ, ಅಂದಿನ ನೀರಿನ ಮಟ್ಟಕ್ಕೆ ಒಂದು ಗೆರೆ ಕೊರೆಸಿದರು. ಆ ಕರಾವಳಿಯ ಜನ ಸೀಲ್ ಬೇಟೆಯಾಡುತ್ತಿದ್ದರು. ನೀರಿನಿಂದ ತುಸುವೇ ಮೇಲಿರುವ ಬಂಡೆಗಳ ಮೇಲೆ ಸೀಲ್‌ಗಳು ಬಂದು ಮಲಗುತ್ತವೆ. ಅಂಥ ಬಂಡೆಗೆ ಬೆಲೆಯಿತ್ತು, ಹಳೆಯ ಕಾಗದಪತ್ರಗಳಲ್ಲಿ ದಾಖಲೆಯೂ ಇತ್ತು. ಆದರೆ ತಲೆಮಾರುಗಳು ಕಳೆದಂತೆ ಬಂಡೆ ಸೀಲ್ ಹತ್ತಲಾಗದಷ್ಟು ಎತ್ತರಕ್ಕೆ ಹೋಗಿಬಿಡುತ್ತಿತ್ತು. ಸೆಲ್ಸಿಯಸ್ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. (ಬೇಟೆಗಾರರ ಅನುಭವಕ್ಕೆ ವಿಜ್ಞಾನಿ ಬೆಲೆ ಕೊಟ್ಟದ್ದು ನನಗೆ ತುಂಬ ಇಷ್ಟ.)

ಸಮುದ್ರದ ನೀರೇ ಕಡಿಮೆಯಾಗುತ್ತಿದೆ ಎಂದು ಅವರು ಕಾರಣ ಕೊಟ್ಟರು. ಅದು ತಪ್ಪು. ಏರುತ್ತಿದ್ದುದು ನೆಲ.

ನೆಲ ಹೇಗೆ ಏರುತ್ತೆ? ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯೂರೋಪಿನ ಮೇಲೆ ಹಿಮದ ಹೊದಿಕೆ ಇತ್ತು. ಹೊದಿಕೆ ಅಂದರೆ ತೆಳುವಾದದ್ದಲ್ಲ, ಹೆಚ್ಚು ದಪ್ಪವಿದ್ದಲ್ಲಿ ಸುಮಾರು 3 ಕಿಲೋಮೀಟರ್! ಆ ಭಾರಕ್ಕೆ ಭೂಮಿಯ ಹೊರಪದರ ನೂರಾರು ಮೀಟರ್ ತಗ್ಗಿತು, ಅಡಿಯ ಮ್ಯಾಂಟಲ್ ಶಿಲೆ ಪಕ್ಕಕ್ಕೆ ಸರಿಯಿತು. ಹಿಮ ಕರಗಿ ಈಗ ಹತ್ತಿರಹತ್ತಿರ 10,000 ವರ್ಷ. ಹತ್ತಿ ಹಾಸಿಗೆಯಿಂದ ಎದ್ದಮೇಲೆ ತಗ್ಗು ಮೆಲ್ಲಗೆ ತುಂಬಿಕೊಳ್ಳುತ್ತಲ್ಲ, ಹಾಗೆ ನೆಲ ಮೇಲೇಳುತ್ತಿದೆ. ಮ್ಯಾಂಟಲ್ ಹರಿಯುವುದು ತೀರಾ ನಿಧಾನ, ಅದಕ್ಕೇ ಇನ್ನೂ ಮುಗಿದಿಲ್ಲ. ಕೊಲ್ಲಿಯ ಉತ್ತರ ಭಾಗದಲ್ಲಿ ಈಗಲೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರಿಕೆಯಿದೆ. ಅಲ್ಲಿನ ‘ಎತ್ತರದ ಕರಾವಳಿ’ ಎಂಬ ಪ್ರದೇಶದಲ್ಲಿ ಹಳೆಯ ಸಮುದ್ರತೀರದ ಗುರುತುಗಳು ಇಂದು 280 ಮೀಟರಿಗೂ ಮೇಲೆ, ಬೆಟ್ಟದ ಮೈಮೇಲಿವೆ.

ಹಿಮದ ಭಾರಕ್ಕೆ ನೆಲ ತಗ್ಗಿತ್ತು ಎಂಬ ವಿವರಣೆಯನ್ನು ಸ್ಕಾಟ್ಲೆಂಡಿನ ಥಾಮಸ್ ಜೇಮೀಸನ್ ಮುಂದಿಟ್ಟದ್ದು 1865ರಲ್ಲಿ. ಸೆಲ್ಸಿಯಸ್ ಕಾಲದಲ್ಲಿ ಹಿಮಯುಗ ಎಂಬ ಮಾತೇ ಇರಲಿಲ್ಲ, ಸರಿಯುತ್ತರ ಬರೆಯುವುದಾದರೂ ಹೇಗೆ?

“ಹಾಗಾದ್ರೆ ಏನು ಬೇಕಾದ್ರೂ ಬರೀಬಹುದಾ ಸಾರ್?” ಅಂತ ಕೇಳ್ತೀರಿ. ಇಲ್ಲ. ನೋಡಿದ್ದನ್ನು, ಅಳೆದದ್ದನ್ನು ಇದ್ದಂತೆ ಬರೆಯಿರಿ. ಆಮೇಲೆ ನಿಮಗೆ ತೋಚಿದ ಕಾರಣ ಬರೆಯಿರಿ. ಅದು ತಪ್ಪಾದರೂ ಅಳತೆಗೆ ಅಂಕ ಸಿಗಲೇಬೇಕು. ಕೆಂಪು ಪೆನ್ನು ಹಿಡಿದು ನಾನೇ ಎಷ್ಟೋ ಸಲ ಇಡೀ ಉತ್ತರಕ್ಕೆ ಗೀಟು ಎಳೆದಿದ್ದೇನೆ, ಈ ವರ್ಷದಿಂದ ಎಳೆಯುವುದಿಲ್ಲ.

ಸೆಲ್ಸಿಯಸ್ ಕೊರೆಸಿದ ಗೆರೆ ಈಗ ನೀರಿನಿಂದ ಸುಮಾರು 2 ಮೀಟರ್ ಮೇಲಿದೆ.