ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧಕರಿಗೆ ಸ್ಥಾನ

ಸಂಶೋಧನೆಯನ್ನೇ ಜೀವನವೃತ್ತಿಯಾಗಿ ಆರಿಸಿಕೊಳ್ಳಬಹುದೇ ಎಂದು ಕೇಳುವ ವಿದ್ಯಾರ್ಥಿಗೆ, ಪ್ರತಿಭೆಯೂ ಶ್ರದ್ಧೆಯೂ ಇದ್ದರೆ ಸಾಕೆಂದು ಉತ್ತರ ಹೇಳುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಉತ್ತರ ಮಾತ್ರ. ಪ್ರತಿಭೆ ಬೇರೂರಲು ನೆಲೆ ಬೇಕು. ವಿಶ್ವವಿದ್ಯಾನಿಲಯದ ಸ್ಥಿರವಾದ ಹುದ್ದೆ ಅಂತಹ ನೆಲೆ.

1917ರಲ್ಲಿ ಸಿ. ವಿ. ರಾಮನ್ ಅವರು ಹಣಕಾಸು ಇಲಾಖೆಯ ಅಧಿಕಾರವನ್ನು ಬಿಟ್ಟು, ಅದಕ್ಕಿಂತ ಕಡಮೆ ಸಂಬಳದ ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಸ್ವೀಕರಿಸಿದರು. ಅವರ ತ್ಯಾಗವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆದರೆ ತಾರಕನಾಥ ಪಾಲಿತರ ದಾನದಿಂದಲೂ ಆಶುತೋಷ ಮುಖರ್ಜಿಯವರ ದೂರದೃಷ್ಟಿಯಿಂದಲೂ ಅಂತಹದೊಂದು ಪೀಠ ಮೊದಲೇ ಸಿದ್ಧವಾಗಿದ್ದಿತೆಂಬುದನ್ನು ಮರೆಯುತ್ತೇವೆ. ಆ ಪೀಠದಲ್ಲಿದ್ದಾಗಲೇ, 1928ರಲ್ಲಿ, ರಾಮನ್ ಪರಿಣಾಮ ಬೆಳಕಿಗೆ ಬಂದಿತು. ಢಾಕಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರಿಗೆ, ಪಾಠ ಹೇಳುತ್ತಿರುವಾಗ, ಪ್ಲಾಂಕನ ಸೂತ್ರವನ್ನು ಸಾಧಿಸುವ ರೂಢಿಯ ಕ್ರಮ ತೃಪ್ತಿ ಕೊಡಲಿಲ್ಲ. ಅವರು ಕಂಡುಕೊಂಡ ಹೊಸ ಕ್ರಮವನ್ನು 1924ರಲ್ಲಿ ಐನ್‌ಸ್ಟೈನರೇ ಜರ್ಮನ್ ಭಾಷೆಗೆ ತಂದು ಪ್ರಕಟಪಡಿಸಿದರು.

ಇಂದಿನ ಸ್ಥಿತಿಯನ್ನು ನೋಡೋಣ. ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ಶಿಷ್ಯವೇತನಕ್ಕೆ ಅರ್ಹತೆ ಪಡೆದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿಯೂ ಅನಂತರ 42,000 ರೂಪಾಯಿಯೂ ದೊರೆಯುತ್ತದೆ. ಐದು ವರ್ಷಕ್ಕೆ ಅದು ಮುಗಿಯುತ್ತದೆ. ಆಮೇಲೆ? ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಹುದ್ದೆಗಳು ಬಹುಕಾಲ ತೆರವಾಗಿಯೇ ಉಳಿದಿವೆ. ಅತಿಥಿ ಉಪನ್ಯಾಸಕರು ಪಾಠದ ಹೊರೆಯನ್ನು ಹೊರುತ್ತಾರೆ. ಸಂಶೋಧನೆಗೆ ಅವರಿಗೆ ಬಿಡುವೂ ಇಲ್ಲ, ಸಲಕರಣೆಯೂ ಇಲ್ಲ, ಮುಂದಿನ ವರ್ಷದ ಭರವಸೆಯೂ ಇಲ್ಲ.

2020-21ರಲ್ಲಿ ನಮ್ಮ ದೇಶ ಸಂಶೋಧನೆಗೆ ವೆಚ್ಚ ಮಾಡಿದುದು ಒಟ್ಟು ದೇಶೀಯ ಉತ್ಪನ್ನದ ನೂರಕ್ಕೆ 0.64 ಭಾಗ, ಅದರಲ್ಲಿಯೂ ಉನ್ನತ ಶಿಕ್ಷಣ ಸಂಸ್ಥೆಗಳ ಪಾಲು ಹತ್ತರಲ್ಲೊಂದನ್ನು ಮುಟ್ಟಲಿಲ್ಲ. ಧನಸಹಾಯಕ್ಕಾಗಿ 2023ರ ಕಾಯಿದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪಿತವಾಗಿರುವುದು ಸಂತೋಷದ ಸಂಗತಿ. ಆದರೆ ಯೋಜನೆಯ ಹಣ ಕೆಲವು ವರ್ಷಗಳದು. ಕಠಿನವಾದ ಪ್ರಶ್ನೆಯೊಂದನ್ನು ಬಿಡಿಸಲು ಹಲವು ವೇಳೆ ಹತ್ತು ವರ್ಷವೂ ಸಾಲದು.

ಸಂಶೋಧನೆಗೆ ರಾಷ್ಟ್ರೀಯ ಪ್ರಯೋಗಶಾಲೆಗಳಿವೆಯಲ್ಲ ಎನ್ನುವವರುಂಟು. ಅವುಗಳ ಸೇವೆ ಹಿರಿದಾದುದೇ ಸರಿ. ಆದರೆ ಬೋಸರಿಗೆ ಪ್ರಶ್ನೆ ಹುಟ್ಟಿದ್ದು ಪಾಠದ ಕೊಠಡಿಯಲ್ಲಿ. ಸಂಶೋಧನೆಯಿಲ್ಲದ ಪಾಠ ಹಳಸುತ್ತದೆ. ಎಳೆಯ ವಿದ್ಯಾರ್ಥಿಯ ಪ್ರಶ್ನೆ ಕಿವಿಗೆ ಬೀಳದಿದ್ದರೆ ಸಂಶೋಧನೆಯೂ ಬಡವಾಗುತ್ತದೆ.

ಆದುದರಿಂದ ಸರ್ಕಾರಗಳು ತೆರವಾದ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬತಕ್ಕದ್ದು. ಅಧ್ಯಾಪಕರಿಗೆ ಪಾಠದಷ್ಟೇ ಸಂಶೋಧನೆಗೂ ಸಮಯ ಕೊಡತಕ್ಕದ್ದು. ವಿದ್ಯಾರ್ಥಿಗಳಾದರೋ ಮಾರ್ಗದರ್ಶಕರನ್ನು ಆರಿಸುವ ಮುನ್ನ, ಅವರ ಹಿಂದಿನ ಶಿಷ್ಯರು ಈಗ ಎಲ್ಲಿ ಏನು ಮಾಡುತ್ತಿದ್ದಾರೆಂದು ಸಂಕೋಚವಿಲ್ಲದೆ ವಿಚಾರಿಸಲಿ. ಅನ್ನದ ಪ್ರಶ್ನೆಯನ್ನು ಕೇಳುವುದರಿಂದ ವಿಜ್ಞಾನಪ್ರೇಮಕ್ಕೆ ಕುಂದು ಬಾರದು.