ತರಬೇತುದಾರರ ಹೊಣೆ

ಶಿಷ್ಯನು ಗೆದ್ದಾಗ ಕೀರ್ತಿಯಲ್ಲಿ ಪಾಲು ಪಡೆಯುವ ತರಬೇತುದಾರನು, ಶಿಷ್ಯನು ತಪ್ಪಿದಾಗ ತನಗೇನೂ ತಿಳಿಯದೆಂದು ಸರಿದು ನಿಲ್ಲುವುದು ನ್ಯಾಯವೇ?

2010ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಸ್ವರ್ಣಪದಕಗಳನ್ನು ಗಳಿಸಿದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುದನ್ನು ವಾಚಕರು ಮರೆತಿರಲಾರರು. ಕೋಚ್ ಯೂರಿ ಒಗೊರೊಡ್ನಿಕ್ ಅವರು ಕೊಟ್ಟ ಜಿನ್ಸೆಂಗ್ ಪುಷ್ಟಿಮದ್ದಿನಲ್ಲಿಯೇ ದೋಷವಿತ್ತೆಂದು ಓಟಗಾರ್ತಿಯರು ವಾದಿಸಿದರು. ಆದರೆ ಮದ್ದು ಯಾರ ದೇಹದಲ್ಲಿದ್ದಿತೋ ಅವರೇ ಹೊಣೆಯೆಂಬುದು ನಿಯಮ. ಮೊದಲು ವಿಧಿಸಿದ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯು 2012ರಲ್ಲಿ ಎರಡು ವರ್ಷಕ್ಕೇರಿಸಿತು. 2011ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟ ಕೋಚ್ ಅವರಾದರೋ ಮುಂದೆ ಭಾರತದ ಓಟಗಾರ್ತಿಯರಿಗೇ ಮತ್ತೆ ಶಿಕ್ಷಕರಾಗಿ ಬಂದರು!

ಓಟಗಾರ್ತಿಯರು ನಿರ್ದೋಷಿಗಳೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹೇಳಿಕೊಡುವವರನ್ನು ಕೇಳದೆ ಕೇಳಿದವರನ್ನಷ್ಟೇ ದಂಡಿಸುವುದು ಯಾವ ಧರ್ಮ? 2022ರ ರಾಷ್ಟ್ರೀಯ ಉದ್ದೀಪನ ಮದ್ದು ನಿರೋಧ ಕಾಯಿದೆಯು ಕೋಚುಗಳನ್ನೂ ತನ್ನ ವ್ಯಾಪ್ತಿಗೆ ತಂದಿರುವುದು ಸ್ತುತ್ಯವೇ ಸರಿ. ಆದರೆ ಕಾಯಿದೆಯು ಕಾಲೇಜಿನ ಮೈದಾನದವರೆಗೆ ತಾನಾಗಿ ನಡೆದು ಬಾರದು.

ಇಟ್ಟಮಡು, ಬನಶಂಕರಿಗಳ ಸುತ್ತಲಿನ ಕಾಲೇಜುಗಳಿಗೆ ದೂರದೂರುಗಳಿಂದ ಬಂದು ಸೇರುವ ತರುಣರಿಗೆ ಕೋಚಿನ ಮಾತೇ ತಂದೆಯ ಮಾತು. ಆದುದರಿಂದ ಆಟಗಾರರಿಗೆ ಕೊಡುವ ಪ್ರತಿಯೊಂದು ಪುಡಿ, ಮಾತ್ರೆಯನ್ನೂ ರಿಜಿಸ್ಟರಿನಲ್ಲಿ ಬರೆದು ಕೋಚು ಸಹಿ ಹಾಕತಕ್ಕದ್ದು. ಮದ್ದಾಗಲಿ, ಹೊಡೆದಾಟವಾಗಲಿ, ಮೋಸವಾಗಲಿ, ಆಟಗಾರನು ತಪ್ಪಿದೊಡನೆ ಪ್ರಿನ್ಸಿಪಾಲರು ಕೋಚಿನಿಂದಲೂ ಲಿಖಿತ ಸಮಜಾಯಿಷಿಯನ್ನು ಕೇಳತಕ್ಕದ್ದು. ಪ್ರೇರಣೆಯೋ ಉಪೇಕ್ಷೆಯೋ ರುಜುವಾತಾದಲ್ಲಿ ಅಂಥವರನ್ನು ಬೇರಾವ ಕಾಲೇಜೂ ನೇಮಿಸಕೂಡದು.

ಆಡಳಿತ ಮಂಡಲಿಗಳೂ ವಿಶ್ವವಿದ್ಯಾನಿಲಯಗಳೂ ಮುಂದಿನ ಕ್ರೀಡಾಕೂಟಗಳಿಗೆ ಮುಂಚೆಯೇ ಈ ನಿಯಮಗಳನ್ನು ಜಾರಿಗೆ ತರುವುವೆಂದು ನಂಬುತ್ತೇವೆ. ಪದಕಕ್ಕಿಂತ ತರುಣರ ಮಾನವೇ ನಾಡಿಗೆ ದೊಡ್ಡದು.